ಎರಡು ತಿಂಗಳು ಸ್ಟಾರ್ಟ್ ಆಗದ ಎಂಜಿನ್, ಅಂತರಸನಹಳ್ಳಿಯ ಲೇತ್ ಅಂಗಡಿ

ಮೊದಲೇ ಹೇಳಿಬಿಡುತ್ತೇನೆ, ಈ ಅಂಗಡಿಗೆ ಬೋರ್ಡ್ ಇದೆ, ಹೆಸರಿಲ್ಲ. ಮಳೆಗೆ ಬಣ್ಣ ಹೋಗಿ 'ವರ್ಕ್ಸ್' ಅನ್ನುವ ಒಂದೇ ಪದ ಉಳಿದಿದೆ. ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಹಿಂಬದಿ ರಸ್ತೆ, ಪಕ್ಕದಲ್ಲಿ ವೆಲ್ಡಿಂಗ್ ಶಾಪ್. ಒಳಗೆ ಎರಡು ಲೇತ್, ಒಂದು ಮಿಲ್ಲಿಂಗ್ ಮಷೀನ್, ಒಬ್ಬ ಹುಡುಗ, ಒಬ್ಬರು ಯಜಮಾನರು. ಕೂರೋಕೆ ಒಂದು ಎಣ್ಣೆ ಡಬ್ಬ. ನಾನು ಅಲ್ಲಿಗೆ ಹೋಗಿದ್ದು ಬೇರೆ ಎಲ್ಲ ದಾರಿ ಮುಗಿದ ಮೇಲೆ. ಮೊದಲೇ ಹೋಗಿದ್ದರೆ ಎರಡು ತಿಂಗಳೂ ಉಳಿಯುತ್ತಿತ್ತು, ಬಲಗೈ ತೋರುಬೆರಳಿನ ಚರ್ಮವೂ ಉಳಿಯುತ್ತಿತ್ತು.

ಎಂಜಿನ್ ಯಾವುದು ಅಂತ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಮಾಡೆಲ್ ವಿಮಾನಕ್ಕೆ ಹಾಕುವಂಥ 1.5 ಸಿಸಿ ಟೂ ಸ್ಟ್ರೋಕ್ ಎಂಜಿನ್. ಬೋರ್, ಅಂದರೆ ಸಿಲಿಂಡರಿನ ಒಳ ಅಗಲ, 12 ಮಿ.ಮೀ.; ಸ್ಟ್ರೋಕ್, ಅಂದರೆ ಪಿಸ್ಟನ್ ಮೇಲೆ ಕೆಳಗೆ ಓಡಾಡುವ ದೂರ, 13 ಮಿ.ಮೀ. ಮುಷ್ಟಿಯೊಳಗೆ ಮುಚ್ಚಿಟ್ಟುಕೊಳ್ಳಬಹುದು. ಇದಕ್ಕೆ ಸ್ಪಾರ್ಕ್ ಪ್ಲಗ್ ಇಲ್ಲ, ಗ್ಲೋ ಪ್ಲಗ್ಗೂ ಇಲ್ಲ. ಗಾಳಿಯನ್ನು ಗಟ್ಟಿಯಾಗಿ ಒತ್ತಿದಾಗ ಹುಟ್ಟುವ ಬಿಸಿಗೇ ಇಂಧನ ಹೊತ್ತಿಕೊಳ್ಳಬೇಕು. ಹವ್ಯಾಸದವರು ಇದನ್ನು ಡೀಸೆಲ್ ಎಂದೇ ಕರೆಯುತ್ತಾರೆ, ಆದರೆ ಲಾರಿಯಲ್ಲಿರುವ ಹಾಗೆ ಇಂಜೆಕ್ಟರ್ ಇರುವುದಿಲ್ಲ, ಗಾಳಿಯ ಜೊತೆಗೇ ಇಂಧನವೂ ಒಳಗೆ ಹೋಗುತ್ತದೆ. ಇಂಗ್ಲೆಂಡಿನಲ್ಲಿ 1946ರಲ್ಲಿ ಬಂದ ಮಿಲ್ಸ್ 1.3 ಈ ಜಾತಿಯ ಹೆಸರುವಾಸಿ ಎಂಜಿನ್. ನಮ್ಮಲ್ಲಿ ಏರೋಮಾಡೆಲಿಂಗ್ ಮಾಡಿದ ಹಳಬರಿಗೆ ಕೋಲ್ಕತ್ತದ ಅರೋರಾ ಎಂಜಿನ್ ನೆನಪಿರಬಹುದು. ಸಿಲಿಂಡರಿನ ಮೇಲ್ತುದಿಯಲ್ಲಿ ಕಾಂಟ್ರಾ ಪಿಸ್ಟನ್ ಅಂತ ಇನ್ನೊಂದು ಪುಟ್ಟ ಪಿಸ್ಟನ್ ಬಿಗಿಯಾಗಿ ಕೂತಿರುತ್ತದೆ. ಮೇಲಿನ ಸ್ಕ್ರೂ ತಿರುಗಿಸಿ ಅದನ್ನು ಕೆಳಗೆ ತಳ್ಳಿದರೆ ಕಂಪ್ರೆಷನ್ ಜಾಸ್ತಿ ಆಗುತ್ತದೆ. ಇದರಲ್ಲಿ ಟೈಮಿಂಗ್ ಅಂತ ಬೇರೆ ಹೊಂದಿಸುವುದು ಏನೂ ಇಲ್ಲ, ಎಲ್ಲ ಆ ಸ್ಕ್ರೂ ಮತ್ತು ಇಂಧನ ಎಷ್ಟು ಒಳಗೆ ಹೋಗಬೇಕು ಅಂತ ಹಿಡಿತದಲ್ಲಿಡುವ ನೀಡಲ್ ವಾಲ್ವ್ ಮೇಲೆ.

ಎಂಟು ತಿಂಗಳು ತೆಗೆದುಕೊಂಡು ಮನೆಯ ಸಣ್ಣ ಲೇತ್‌ನಲ್ಲಿ ಮಾಡಿದೆ. ಸಿಲಿಂಡರ್ ಇಎನ್8 ಸ್ಟೀಲು, ಕ್ರ್ಯಾಂಕ್ ಇಎನ್24, ಪಿಸ್ಟನ್ನಿಗೆ ಗುಜರಿಯಲ್ಲಿ ಸಿಕ್ಕ ಹಳೇ ಪಂಪ್‌ಸೆಟ್ಟಿನ ಒಡೆದ ಫ್ಲೈವೀಲ್ ಚೂರು. (ಎರಕದ ಕಬ್ಬಿಣಕ್ಕೆ ದುಡ್ಡು ಕೊಟ್ಟು ತರಬೇಡಿ, ಹಳ್ಳಿಯ ಗುಜರಿ ಅಂಗಡಿಯಲ್ಲಿ ರಾಶಿ ಬಿದ್ದಿರುತ್ತದೆ.) ನೋಡೋಕೆ ಚೆನ್ನಾಗಿಯೇ ಬಂತು. ಫೋಟೋ ತೆಗೆದು ನಾಲ್ಕು ಜನಕ್ಕೆ ಕಳಿಸಿದೆ. ಆಮೇಲೆ 8 ಇಂಚಿನ ಮರದ ಪ್ರೊಪೆಲ್ಲರ್ ಹಾಕಿ ತಿರುಗಿಸಲು ಕೂತೆ. ತಿರುಗಿಸಿದೆ, ತಿರುಗಿಸಿದೆ, ತಿರುಗಿಸುತ್ತಲೇ ಇದ್ದೆ. ನಮ್ಮ ಮನೆಯವಳು ಮಹಡಿಗೆ ಕಾಫಿ ತಂದುಕೊಟ್ಟು "ಇನ್ನೂ ಫ್ಯಾನ್ ತಿರುಗಿಸ್ತಿದ್ದೀರಾ" ಅಂದಳು. ಆ ಮಾತು ಈಗಲೂ ಚುಚ್ಚುತ್ತದೆ.

ಆ ಎರಡು ತಿಂಗಳಲ್ಲಿ ನಾನು ಮಾಡದ ಪ್ರಯೋಗ ಇಲ್ಲ. ನೀಡಲ್ ಎರಡು ಸುತ್ತು ಬಿಚ್ಚಿದೆ, ಮೂರು ಬಿಚ್ಚಿದೆ, ನಾಲ್ಕೂವರೆಗೆ ಹೋದೆ. ಎಕ್ಸಾಸ್ಟ್ ಪೋರ್ಟಿನೊಳಗೆ ಎರಡು ಹನಿ ಇಂಧನ ಬಿಟ್ಟೆ. ಒಂದು ಸಲ ಆರು ಹನಿ ಬಿಟ್ಟು ಕಂಪ್ರೆಷನ್ನೂ ಇಳಿಸದೆ ಜೋರಾಗಿ ತಿರುಗಿಸಿದ್ದಕ್ಕೆ ಮೇಲೆ ದ್ರವ ತುಂಬಿಕೊಂಡು ಎಂಜಿನ್ ಕಟಕ್ಕನೆ ನಿಂತಿತು. ದ್ರವ ಗಾಳಿಯ ಹಾಗೆ ಕುಗ್ಗುವುದಿಲ್ಲವಲ್ಲ. ಕನೆಕ್ಟಿಂಗ್ ರಾಡ್ ಕೂದಲೆಳೆಯಷ್ಟು ಬಾಗಿತು, ಹೊಸದು ಮಾಡಬೇಕಾಯಿತು. ಕ್ರ್ಯಾಂಕ್‌ಕೇಸ್ ಸೋರುತ್ತಿದೆಯೇ ಅಂತ ಸೋಪಿನ ನೀರು ಹಚ್ಚಿ ಊದಿ ನೋಡಿದೆ, ಹಿಂದಿನ ಮುಚ್ಚಳದಲ್ಲಿ ಒಂದು ಗುಳ್ಳೆ ಬಂತು, ಗ್ಯಾಸ್ಕೆಟ್ ಬದಲಾಯಿಸಿದೆ. ಆದರೂ ಇಲ್ಲ.

ಬೈಕ್ ಎಂಜಿನ್ ರೀಬೋರ್ ಮಾಡುವ ಒಂದು ಕಡೆ ತೋರಿಸಿದೆ. ಅಂಗೈ ಮೇಲಿಟ್ಟುಕೊಂಡು ನಕ್ಕರು. 12 ಮಿಲಿಮೀಟರಿನ ಬೋರಿಗೆ ಅವರ ಹೋನಿಂಗ್ ಕಲ್ಲು ಇಳಿಯುವುದೇ ಇಲ್ಲ, ಅವರದ್ದೇನೂ ತಪ್ಪಿಲ್ಲ. ಇನ್ನೊಂದು ಕಡೆ, ಬೆಂಗಳೂರಿನಲ್ಲಿ, ಒಬ್ಬರು ಬೋರಿಗೆ ಎಣ್ಣೆ ಸುರಿದು ಪಿಸ್ಟನ್ ಒತ್ತಿ ನೋಡಿ "ಫಿಟ್ಟಿಂಗ್ ಸೂಪರ್ ಆಗಿದೆ ಸಾರ್, ಪೆಟ್ರೋಲ್ ಹಾಕಿ ನೋಡಿ" ಅಂತ ಹೇಳಿ 300 ರೂಪಾಯಿ ತೆಗೆದುಕೊಂಡರು. ಆ 300 ರೂಪಾಯಿ ನನ್ನನ್ನು ಇನ್ನೂ ಮೂರು ವಾರ ತಪ್ಪು ದಾರಿಯಲ್ಲಿ ಓಡಾಡಿಸಿತು. ಫಿಟ್ಟಿಂಗ್ ಸರಿಯಿದೆ ಅಂತ ನಾನೂ ನಂಬಿಬಿಟ್ಟೆ ನೋಡಿ.

ಒಂದೇ ಒಂದು ಸುಳಿವು ಸಿಕ್ಕಿತ್ತು, ಅದೇನೆಂದು ನನಗೆ ಹೊಳೆದಿರಲಿಲ್ಲ ಅಷ್ಟೇ. ಕೈಯಲ್ಲಿ ಸಾವಿರ ಸಲ ತಿರುಗಿಸಿದರೂ ಸುಮ್ಮನಿರುವ ಎಂಜಿನ್, ಎಲೆಕ್ಟ್ರಿಕ್ ಡ್ರಿಲ್ಲಿಗೆ ರಬ್ಬರ್ ಬಿರಡೆ ಹಾಕಿ ತಿರುಗಿಸಿದರೆ ಪಟ್ ಪಟ್ ಪಟ್ ಅಂತ ಹೊಡೆಯುತ್ತಿತ್ತು. ಡ್ರಿಲ್ ತೆಗೆದ ಕೂಡಲೇ ಸತ್ತುಹೋಗುತ್ತಿತ್ತು.

ಈಗ ಅಂಗಡಿಯ ವಿಷಯ. ಯಜಮಾನರಿಗೆ ಎಪ್ಪತ್ತರ ಹತ್ತಿರ ವಯಸ್ಸು. ತುಮಕೂರಿನಲ್ಲಿ ಎಚ್‌ಎಂಟಿ ವಾಚ್ ಕಾರ್ಖಾನೆ ನಡೆಯುತ್ತಿದ್ದ ಕಾಲದಲ್ಲಿ ಅಲ್ಲಿನ ಟೂಲ್ ರೂಮಿನಲ್ಲಿ ಇದ್ದವರು. ಆ ಕಾರ್ಖಾನೆ ಮುಚ್ಚಿ ಈಗ ಜಾಗ ಇಸ್ರೋಗೆ ಹೋಗಿದೆ, ಊರಿನವರಿಗೆ ಗೊತ್ತೇ ಇದೆ. ನನ್ನ ಎಂಜಿನ್ ನೋಡಿ ಅವರು ಕೇಳಿದ ಮೊದಲ ಮಾತು, "ಏನ್ ಸ್ವಾಮಿ ಇದು, ಟೇಬಲ್ ಮೇಲೆ ಇಡೋ ಷೋಕಿದಾ, ಓಡೋದಾ?" ಓಡಬೇಕು, ಓಡುತ್ತಿಲ್ಲ ಅಂದೆ. ಕಥೆಯೆಲ್ಲ ಹೇಳಿದೆ. ಮಧ್ಯೆ ಬಾಯಿ ಹಾಕಲಿಲ್ಲ. ಡ್ರಿಲ್ಲಿನ ವಿಷಯ ಬಂದಾಗ ಮಾತ್ರ ಕನ್ನಡಕ ಮೇಲೆ ತಳ್ಳಿ "ಮತ್ತೆ ಹೇಳಿ" ಅಂದರು.

ಅವರು ಪ್ರೊಪೆಲ್ಲರ್ ಮುಟ್ಟಲೇ ಇಲ್ಲ. ನನಗೆ ಅವರ ಮೇಲೆ ನಂಬಿಕೆ ಬಂದದ್ದೇ ಅದರಿಂದ, ಯಾಕೆಂದರೆ ಅಲ್ಲಿಯವರೆಗೆ ನೋಡಿದವರೆಲ್ಲ ಮೊದಲು ಮಾಡಿದ ಕೆಲಸ ನಾಲ್ಕು ಸಲ ತಿರುಗಿಸಿ "ಕಂಪ್ರೆಷನ್ ಇದೆಯಲ್ಲಾ" ಅನ್ನುವುದು. ಇವರು ಎಂಜಿನ್ ಬಿಚ್ಚಿಸಿದರು. ಸಿಲಿಂಡರ್, ಪಿಸ್ಟನ್ ಎರಡನ್ನೂ ಪೆಟ್ರೋಲಿನಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಆರಲು ಬಿಟ್ಟರು. ಆಮೇಲೆ ಒಣ ಪಿಸ್ಟನ್ನನ್ನು ಕೆಳಗಿನಿಂದ ಸಿಲಿಂಡರಿಗೆ ಬಿಟ್ಟು ಮೆಲ್ಲಗೆ ತಲೆಕೆಳಗು ಮಾಡಿದರು. ಅದು ಕೆಳಭಾಗದಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿತ್ತು. ಸ್ವಲ್ಪ ತಳ್ಳಿದ ಮೇಲೆ ಕಂಪ್ರೆಷನ್ ಆಗಬೇಕಾದ ಮೇಲಿನ ಭಾಗಕ್ಕೆ ಬಂದು ಲೊಡಕ್ಕನೆ ಜಾರಿಬಿತ್ತು.

"ಎಲ್ಲಿ ಬಿಗಿ ಇರ್ಬೇಕೋ ಅಲ್ಲಿ ಸಡ್ಲ, ಎಲ್ಲಿ ಸಡ್ಲ ಇರ್ಬೇಕೋ ಅಲ್ಲಿ ಬಿಗಿ. ಲ್ಯಾಪ್ ಯಾವ ಕಡೆಯಿಂದ ಬಿಟ್ರಿ?"

ಮೇಲಿನಿಂದ ಅಂದೆ. ಬೇರೇನೂ ಕೇಳಲಿಲ್ಲ.

ಲ್ಯಾಪಿಂಗ್ ಅಂದರೆ ಹಿತ್ತಾಳೆಯ ಅಥವಾ ತಾಮ್ರದ ಕೋಲಿಗೆ ಉಜ್ಜುವ ಪೇಸ್ಟ್ ಹಚ್ಚಿ ಬೋರಿನೊಳಗೆ ಹಿಂದೆ ಮುಂದೆ ಆಡಿಸಿ ನಯ ಮಾಡುವುದು. ನಾನು ಹೊಸ ಪೇಸ್ಟ್ ಹಚ್ಚಿದಾಗಲೆಲ್ಲ ಮೇಲಿನ ಬಾಯಿಯಿಂದಲೇ ಒಳಗೆ ಬಿಡುತ್ತಿದ್ದೆ. ಹೊಸ ಪೇಸ್ಟು ಜಾಸ್ತಿ ತಿನ್ನುವುದು ಒಳಗೆ ಹೋಗುವ ಬಾಯಲ್ಲೇ. ಕೆಳತುದಿಗೆ ಹೋದಾಗ ಆಚೆ ಬಂದುಬಿಡುತ್ತದೇನೋ ಅಂತ ಹೆದರಿ ಬೇಗ ವಾಪಸ್ ಎಳೆಯುತ್ತಿದ್ದೆ. ಹಾಗಾಗಿ ಮೇಲ್ಗಡೆ ಗಂಟೆಯ ಬಾಯಿಯ ಹಾಗೆ ಅಗಲವಾಗಿದೆ. ಎಷ್ಟು ಅಗಲ? ಅವರ ಹತ್ತಿರ ಒಂದು ಮರದ ಪೆಟ್ಟಿಗೆ ಇದೆ, ಒಳಗೆ ತಾವೇ ಮಾಡಿಕೊಂಡ ಪ್ಲಗ್ ಗೇಜುಗಳು (ಬೋರಿನೊಳಗೆ ಇಳಿಸಿ ಅಳತೆ ನೋಡುವ ಕಡ್ಡಿಗಳು), ಒಂದಕ್ಕಿಂತ ಒಂದು 5 ಮೈಕ್ರಾನ್ ದಪ್ಪ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಬೋರಿನ ನಡುವೆ 12.010 ಬಿಗಿಯಾಗಿ ಹೋಯಿತು. ಮೇಲ್ಗಡೆ 12.025 ಸಲೀಸಾಗಿ ಇಳಿಯಿತು. ವ್ಯತ್ಯಾಸ 15 ಮೈಕ್ರಾನ್, ತಲೆಗೂದಲಿನ ದಪ್ಪದ ಕಾಲು ಭಾಗವೂ ಇಲ್ಲ. ನನ್ನ ಡಿಜಿಟಲ್ ವರ್ನಿಯರ್ ಎಲ್ಲ ಕಡೆ 12.01, 12.02 ಅಂತ ತೋರಿಸಿ ಸಮಾಧಾನ ಮಾಡಿತ್ತು. ಪರದೆಯ ಮೇಲೆ 0.01 ತೋರಿಸುತ್ತದೆ ಅಂದಮಾತ್ರಕ್ಕೆ ಅಷ್ಟು ನಿಖರ ಅಂತ ಅಲ್ಲ. ಅದರಲ್ಲೂ ಬೋರಿನ ಒಳಗಡೆ ಅಳೆಯಲು ಅದನ್ನು ನಂಬಲೇಬೇಡಿ, ಬಾಯಿ ಬಿಟ್ಟು ಒಳಗಿನ ಲೆಕ್ಕ ಅದಕ್ಕೆ ತಿಳಿಯುವುದಿಲ್ಲ.

ಹಾಗಾದರೆ ತಿರುಗಿಸಿದಾಗ ಕಂಪ್ರೆಷನ್ ಇದ್ದದ್ದು ಹೇಗೆ? ಅದು ಎಣ್ಣೆಯ ಆಟ. ಇದರ ಇಂಧನದಲ್ಲಿ ಮೂರನೇ ಒಂದು ಭಾಗ ಹರಳೆಣ್ಣೆ. ಹರಳೆಣ್ಣೆ ಎಷ್ಟು ಮಂದ ಅಂತ ನಮ್ಮ ಅಜ್ಜಿಯರ ಕೈಯಲ್ಲಿ ತಲೆಗೆ ಹಚ್ಚಿಸಿಕೊಂಡವರಿಗೆ ಗೊತ್ತು. ಪಿಸ್ಟನ್ ಸುತ್ತಲಿನ ಸಂದಿಯನ್ನು ಅದು ತುಂಬಿಕೊಂಡು, ಬೆರಳಿಗೆ ಗಟ್ಟಿ ಕಂಪ್ರೆಷನ್ ಇರುವ ಹಾಗೆ ಅನಿಸುತ್ತದೆ. ಮೇಲಿಂದ ಹೊಸ ಇಂಧನ ಬಂದು ಆ ಎಣ್ಣೆಯನ್ನು ತೊಳೆದ ತಕ್ಷಣ ಗಾಳಿ ಸೋರಿಹೋಗುತ್ತದೆ. ಬೆಂಗಳೂರಿನಲ್ಲಿ ಎಣ್ಣೆ ಸುರಿದು ನೋಡಿ 'ಸೂಪರ್' ಅಂದರಲ್ಲ, ಅವರು ನೋಡಿದ್ದು ನನ್ನ ಫಿಟ್ಟಿಂಗ್ ಅಲ್ಲ, ಅವರ ಎಣ್ಣೆಯನ್ನು.

ಡ್ರಿಲ್ಲಿನ ಗುಟ್ಟೂ ಅದೇ. ಕೈಯಲ್ಲಿ ತಿರುಗಿಸಿದಾಗ ವೇಗ ಕಡಿಮೆ, ಗಾಳಿಗೆ ಸೋರಿಕೊಳ್ಳಲು ಪುರುಸೊತ್ತು ಜಾಸ್ತಿ, ಹಾಗಾಗಿ ಬಿಸಿ ಸಾಲುವುದಿಲ್ಲ. ಡ್ರಿಲ್ಲಿನಲ್ಲಿ ಸೋರುವಷ್ಟರಲ್ಲಿ ಹೊತ್ತಿಕೊಂಡಿರುತ್ತದೆ. ಯಜಮಾನರು ಇದನ್ನು ಒಂದೇ ವಾಕ್ಯದಲ್ಲಿ ಹೇಳಿದರು, "ತೂತಿನ ಬಿಂದಿಗೇಲೂ ನೀರು ತರಬೋದು ಸ್ವಾಮಿ, ಓಡ್ಬೇಕು ಅಷ್ಟೇ." ನಾನು ಓದಿದ್ದ ಪುಟಗಟ್ಟಲೆ ವಿವರಣೆಗಿಂತ ಇದು ಬೇಗ ತಲೆಗೆ ಹೋಯಿತು.

ರಿಪೇರಿ ಹೇಗೆ ಮಾಡಿದರು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇರೆಯವರಿಗೆ ಉಪಯೋಗ ಆಗಬಹುದು. ಮೇಲಿನ ಅಗಲವನ್ನು ಕಿರಿದು ಮಾಡಲು ಆಗುವುದಿಲ್ಲ. ಹಾಗಾಗಿ ಕೆಳಗಿನಿಂದ ಲ್ಯಾಪ್ ಬಿಟ್ಟು, ಕೆಳಗಿನ ಮತ್ತು ನಡುವಿನ ಭಾಗವನ್ನೇ ಮೇಲಿನದಕ್ಕಿಂತ ಚೂರು ದೊಡ್ಡದು ಮಾಡಬೇಕು. ಎಕ್ಸಾಸ್ಟ್ ಪೋರ್ಟಿನ ಹತ್ತಿರ ಸಡಿಲ, ಮೇಲೆ ಹೋಗುತ್ತ ಐದಾರು ಮೈಕ್ರಾನ್ ಬಿಗಿ. ಮೇಲ್ಭಾಗ ಓಡುವಾಗ ಜಾಸ್ತಿ ಬಿಸಿಯಾಗಿ ಹಿಗ್ಗುತ್ತದೆ, ಅದಕ್ಕೆ ತಣ್ಣಗಿರುವಾಗ ಅಲ್ಲಿ ಬಿಗಿ ಇರಬೇಕು. ಬೋರ್ ದೊಡ್ಡದಾದ ಮೇಲೆ ಹಳೇ ಪಿಸ್ಟನ್ ಕೆಲಸಕ್ಕೆ ಬರುವುದಿಲ್ಲ. ಕಾಂಟ್ರಾ ಪಿಸ್ಟನ್ನೂ ಬರುವುದಿಲ್ಲ, ಅದರ ಸುತ್ತಲೂ ಸೋರುತ್ತಿತ್ತು ಅಂತ ಆಮೇಲೆ ಗೊತ್ತಾಯಿತು. "ಪಿಸ್ಟನ್ ನೀವೇ ಮಾಡ್ಕೊಂಡ್ ಬನ್ನಿ, 12.06ಕ್ಕೆ ಬಿಟ್ಬಿಡಿ, ಉಳ್ದಿದ್ದು ನಾನು ನೋಡ್ಕೋತೀನಿ" ಅಂದರು. ಅದು ನನಗೆ ತುಂಬ ಹಿಡಿಸಿತು. ಎಂಜಿನ್ ನಿಮ್ಮದು, ನೀವೇ ಮಾಡಿ ಅನ್ನುವ ಧಾಟಿ.

ಒಂದು ಎಚ್ಚರಿಕೆ ಕೊಟ್ಟರು. ಪೇಸ್ಟ್ ಹಚ್ಚಿ ಪಿಸ್ಟನ್ನನ್ನೇ ಸಿಲಿಂಡರಿನೊಳಗೆ ಉಜ್ಜಬೇಡಿ. ತುಂಬ ಜನ ಹಾಗೆ ಮಾಡುತ್ತಾರೆ, ನಾನೂ ಕೊನೆಯಲ್ಲಿ ಎರಡು ನಿಮಿಷ ಹಾಗೆ ಮಾಡಿದ್ದೆ. ಎರಡೂ ಸವೆಯುತ್ತವೆ, ಆಕಾರ ಎರಡರದ್ದೂ ಕೆಡುತ್ತದೆ. ಬೋರಿಗೆ ಒಂದು ಲ್ಯಾಪು, ಪಿಸ್ಟನ್ನಿನ ಹೊರಮೈಗೆ ಉಂಗುರದಂಥ ಇನ್ನೊಂದು ಲ್ಯಾಪು. ಮುಗಿದ ಮೇಲೆ ಸೀಮೆಎಣ್ಣೆಯಲ್ಲಿ ತೊಳೆದು, ಬಿಸಿನೀರು ಸೋಪು ಹಾಕಿ ಬ್ರಷ್‌ನಲ್ಲಿ ಉಜ್ಜಿ ತೊಳೆಯಬೇಕು. ಪೇಸ್ಟಿನ ಕಣ ಉಳಿದರೆ ಅದು ಎಂಜಿನ್ ಓಡುವಾಗಲೂ ತನ್ನ ಕೆಲಸ ಮುಂದುವರಿಸುತ್ತದೆ.

ಈಗ ದೂರುಗಳು. ನಾಲ್ಕು ದಿನ ಅಂದರು, ಹತ್ತೊಂಬತ್ತು ದಿನ ಆಯಿತು. ಫೋನ್ ಎತ್ತುವುದೇ ಇಲ್ಲ. ಹುಡುಗ ಎತ್ತಿದರೆ "ಅಜ್ಜ ಊಟಕ್ಕೆ ಹೋಗವ್ರೆ" ಅನ್ನುತ್ತಾನೆ, ಬೆಳಗ್ಗೆ ಹತ್ತು ಗಂಟೆಗೂ ಅದೇ ಉತ್ತರ. ಬಿಲ್ ಕೊಡುವುದಿಲ್ಲ, ಮೊಬೈಲಿನಲ್ಲಿ ದುಡ್ಡು ತೆಗೆದುಕೊಳ್ಳುವುದಿಲ್ಲ, ನೋಟೇ ಬೇಕು. ಹುಡುಗ ಕೈಜಾರಿ ಸಿಲಿಂಡರ್ ಬೀಳಿಸಿ, ಅದನ್ನು ತಣ್ಣಗಿಡುವ ಹೊರಗಿನ ರೆಕ್ಕೆಗಳಲ್ಲಿ ಒಂದು ಫಿನ್ ಬಾಗಿದೆ. "ಓಡೋಕೇನೂ ತೊಂದ್ರೆ ಇಲ್ಲ" ಅಂದರು, ನಿಜ, ಆದರೆ ಎಂಟು ತಿಂಗಳು ಕೂತು ಮಾಡಿದವನಿಗೆ ಕಣ್ಣಿಗೆ ಬೀಳುವುದು ಅದೊಂದೇ. ಕೂಲಿ 1,200 ರೂಪಾಯಿ. ಹತ್ತೊಂಬತ್ತು ದಿನಕ್ಕಲ್ಲ, ಕೆಲಸ ಮಾಡಿದ ಎರಡು ಮಧ್ಯಾಹ್ನಕ್ಕೆ. ಕಡಿಮೆಯೇ ಅನ್ನಬೇಕು.

ಮನೆಗೆ ತಂದು ಜೋಡಿಸಿದೆ. ತಿರುಗಿಸಿದೆ. ಸ್ಟಾರ್ಟ್ ಆಗಲಿಲ್ಲ!

ನಿಜ ಹೇಳಬೇಕೆಂದರೆ ಆ ರಾತ್ರಿ ಯಜಮಾನರಿಗೆ ಮನಸ್ಸಿನಲ್ಲೇ ಬೈದೆ. ಕಂಪ್ರೆಷನ್ ಮಾತ್ರ ಬೇರೆಯೇ ಆಗಿತ್ತು, ಒಣಗಿದ್ದಾಗಲೂ ಪ್ರೊಪೆಲ್ಲರ್ ವಾಪಸ್ ಪುಟಿಯುತ್ತಿತ್ತು. ಮಾರನೇ ದಿನ ಇಂಧನದ ಬಾಟಲಿಯನ್ನೂ ಚೀಲದಲ್ಲಿ ಹಾಕಿಕೊಂಡು ಹೋದೆ. ಅಂಗಡಿಯೊಳಗೆ ಮುಚ್ಚಳ ತೆಗೆಯಲು ಹೋದವನಿಗೆ ಸರಿಯಾಗಿ ಬೈಸಿಕೊಂಡೆ, ಪಕ್ಕದಲ್ಲೇ ವೆಲ್ಡಿಂಗ್ ನಡೆಯುತ್ತಿತ್ತು. ಈ ಇಂಧನದಲ್ಲಿ ಈಥರ್ ಇರುತ್ತದೆ, ಅದರ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದುಕೊಂಡು ಹೋಗಿ ದೂರದ ಕಿಡಿಯನ್ನೂ ಹಿಡಿಯುತ್ತದೆ. ಅವರಿಗೆ ಈಥರ್ ಬಗ್ಗೆ ನಾನೇ ಹೇಳಿಕೊಟ್ಟದ್ದು, ಆದರೆ ಬುದ್ಧಿ ಇದ್ದದ್ದು ಅವರಿಗೆ.

ಹೊರಗೆ ರಸ್ತೆ ಬದಿಗೆ ಹೋಗಿ ಬಾಟಲಿಯನ್ನು ಬೆಳಕಿಗೆ ಹಿಡಿದರು. "ಇದೇನು ಮಜ್ಜಿಗೆ ನೀರಿನ ಹಾಗಿದೆ?" ನಾನು ಅದನ್ನು ದಿನಾ ನೋಡುತ್ತಿದ್ದೆ, ಒಂದು ದಿನವೂ ನೋಡಿರಲಿಲ್ಲ. ಇಂಧನ ಅಂದರೆ ಈಥರ್, ಸೀಮೆಎಣ್ಣೆ, ಹರಳೆಣ್ಣೆ ಮೂರೂ ಸಮಪಾಲು. ಸೀಮೆಎಣ್ಣೆಗೂ ಹರಳೆಣ್ಣೆಗೂ ಸರಿಹೋಗುವುದಿಲ್ಲ, ಚೆನ್ನಾಗಿ ಬೆರೆಯುವುದಿಲ್ಲ. ಈಥರ್ ನಡುವೆ ನಿಂತು ಇಬ್ಬರನ್ನೂ ಕೂಡಿಸುತ್ತದೆ. ಅದು ಕುದಿಯುವುದೇ 35 ಡಿಗ್ರಿಯ ಆಸುಪಾಸಿನಲ್ಲಿ. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಮಹಡಿ ಮೇಲೆ ಮುಚ್ಚಳ ಸಡಿಲವಾಗಿಟ್ಟ ಬಾಟಲಿಯಲ್ಲಿ ಏನು ಉಳಿಯುತ್ತದೆ? ಅದು ಹಾರಿಹೋದ ಮೇಲೆ ಉಳಿದೆರಡು ಬೇರೆ ಬೇರೆಯಾಗಿ ಇಂಧನ ಮಬ್ಬಾಗುತ್ತದೆ. ಮೊದಲು ಹೊತ್ತಿಕೊಳ್ಳುವುದೂ ಈಥರೇ, 160 ಡಿಗ್ರಿಯ ಹತ್ತಿರದ ಬಿಸಿ ಅದಕ್ಕೆ ಸಾಕು. ಸೀಮೆಎಣ್ಣೆಗೆ ಅದಕ್ಕಿಂತ ಜಾಸ್ತಿ ಬೇಕು. ಅಂದರೆ ನನ್ನ ಎಂಜಿನ್ನಿಗೆ ಎರಡು ಕಾಯಿಲೆ ಒಟ್ಟಿಗೇ ಇತ್ತು, ಒಂದನ್ನು ಸರಿಮಾಡಿದರೆ ಇನ್ನೊಂದು ಅಡ್ಡ ಬರುತ್ತಿತ್ತು. ಶುರುವಿನಲ್ಲಿ ಇಂಧನ ತಾಜಾ ಇತ್ತು, ಆಗ ಡ್ರಿಲ್ಲಿನಲ್ಲಾದರೂ ಹೊಡೆಯುತ್ತಿತ್ತು. ಫಿಟ್ಟಿಂಗ್ ಸರಿಯಾಗುವ ಹೊತ್ತಿಗೆ ಇಂಧನ ಸತ್ತಿತ್ತು.

(ತಣ್ಣಗಿರಲಿ ಅಂತ ಈಥರನ್ನು ಮನೆಯ ಫ್ರಿಜ್ಜಿನಲ್ಲಿ ಇಡಬೇಡಿ. ಒಳಗಿನ ದೀಪದ ಸ್ವಿಚ್ಚು, ಥರ್ಮೋಸ್ಟ್ಯಾಟಿನ ಕಿಡಿ ಸಾಕು ಬಾಗಿಲು ಹಾರಿಸಲು. ಕಂದು ಬಾಟಲಿ, ಬಿಗಿ ಮುಚ್ಚಳ, ನೆರಳು. ಹಳೆಯದಾದರೆ ಒಳಗೆ ಸಿಡಿಯುವ ಪೆರಾಕ್ಸೈಡ್ ಕೂಡುತ್ತದೆ, ವರ್ಷಗಟ್ಟಲೆ ಇಟ್ಟುಕೊಳ್ಳಬೇಡಿ. ಬೇಕಾದಷ್ಟೇ ಕಲಸಿ.)

ಹೊಸ ಈಥರ್ ತರಿಸಲು ಇನ್ನೊಂದು ವಾರ. ಭಾನುವಾರ ಬೆಳಗ್ಗೆ ಕಲಸಿದೆ, ತಿಳಿ ಜೇನಿನ ಹಾಗೆ ಬಂತು. ಕಂಪ್ರೆಷನ್ ಸ್ಕ್ರೂ ಅರ್ಧ ಸುತ್ತು ಹಿಂದೆ, ನೀಡಲ್ ಮೂರು ಸುತ್ತು, ಎಕ್ಸಾಸ್ಟಿಗೆ ಒಂದೇ ಹನಿ. ಬೆರಳಿಗೆ ರಬ್ಬರ್ ಟ್ಯೂಬ್ ಹಾಕಿಕೊಂಡಿದ್ದೆ, ಈಗ ಬುದ್ಧಿ ಬಂದಿದೆ. ಸ್ಕ್ರೂವನ್ನು ಎಂಟನೇ ಒಂದು ಸುತ್ತಿನಷ್ಟು ಬಿಗಿ ಮಾಡುತ್ತ, ಪ್ರತಿ ಸಲ ನಾಲ್ಕೈದು ಬಾರಿ ತಿರುಗಿಸುತ್ತ ಹೋದೆ. ಒಮ್ಮೆ ಪಟ್ ಅಂದಿತು. ಇನ್ನೊಂದೆಳೆ ಬಿಗಿ ಮಾಡಿದೆ. ಮತ್ತೆ ತಿರುಗಿಸಿದಾಗ ಕೈಯಿಂದ ಕಿತ್ತುಕೊಂಡು ಹೋಯಿತು, ಎದುರು ಮನೆಯ ನಾಯಿ ಓಡಿತು, ಮಹಡಿ ತುಂಬ ಆಸ್ಪತ್ರೆ ವಾಸನೆ ಮತ್ತು ಸುಟ್ಟ ಹರಳೆಣ್ಣೆ ವಾಸನೆ. ಹನ್ನೊಂದು ಸೆಕೆಂಡು. ಆಮೇಲೆ ನೀಡಲ್ ಸರಿ ಮಾಡಿ ಟ್ಯಾಂಕ್ ಖಾಲಿಯಾಗುವವರೆಗೆ ಓಡಿಸಿದೆ. ನಮ್ಮ ಮನೆಯವಳು ಮೇಲೆ ಬಂದು ನೋಡಿ ಏನೂ ಹೇಳಲಿಲ್ಲ, ಒಣಗಲು ಹಾಕಿದ್ದ ಬಟ್ಟೆಗಳನ್ನು ಮಾತ್ರ ಬೇಗ ಬೇಗ ಎತ್ತಿಕೊಂಡು ಹೋದಳು.

ವಿಡಿಯೋ ತೋರಿಸಲು ಅಂಗಡಿಗೆ ಹೋದೆ. ಯಜಮಾನರು ಎರಡು ಸಲ ನೋಡಿ "ಸದ್ದು ಚೆನ್ನಾಗಿದೆ, ಆ ಫಿನ್ ನೆಟ್ಟಗೆ ಮಾಡ್ಕೊಡ್ಲಾ?" ಅಂದರು. ಬೇಡ ಅಂದೆ. ಮತ್ತೆ ಹತ್ತೊಂಬತ್ತು ದಿನ ಕಾಯುವ ಧೈರ್ಯ ಇಲ್ಲ.

ಐದಕ್ಕೆ ನಾಲ್ಕು ಕೊಡುತ್ತೇನೆ, ಕಳೆದ ಒಂದು ಪೂರ್ತಿ ಆ ಫೋನಿಗೆ. ಬೈಕು, ಟ್ರ್ಯಾಕ್ಟರ್ ಕೆಲಸ ಇದ್ದರೆ ಬೇರೆ ಕಡೆ ಹೋಗಿ, ಇವರು ಒಪ್ಪಿಕೊಂಡು ಮೂಲೆಯಲ್ಲಿ ಇಡುತ್ತಾರೆ. ಸಣ್ಣ ಬೋರು, ಸಣ್ಣ ಶಾಫ್ಟು, ಮೈಕ್ರಾನ್ ಕೆಲಸ ಇದ್ದರೆ ಇಲ್ಲಿಗೇ ಬನ್ನಿ. ಸೋಮವಾರ ಬಾಗಿಲು ಹಾಕಿರುತ್ತದೆ, ಅಮಾವಾಸ್ಯೆ ದಿನ ಮಷೀನಿಗೆ ಪೂಜೆ ಮುಗಿಯುವವರೆಗೆ ಮಾತಾಡಿಸಬೇಡಿ. ಎಂಜಿನ್ ಬಿಚ್ಚಿ, ತೊಳೆದು, ಒಣಗಿಸಿಕೊಂಡು ಹೋಗಿ. ಎಣ್ಣೆ ಹಚ್ಚಿದ ಸಿಲಿಂಡರ್ ಕೊಟ್ಟರೆ ಮುಟ್ಟದೆ ವಾಪಸ್ ಕೊಡುತ್ತಾರೆ, ನನ್ನೆದುರಿಗೇ ಒಬ್ಬರಿಗೆ ಹಾಗೆ ಮಾಡಿದರು, ಪಾಪ ಅವರು ಶಿರಾದಿಂದ ಬಸ್ಸಿನಲ್ಲಿ ಬಂದಿದ್ದರು.